ತಂಡದ ಕ್ಲೌಡ್ ಖಾತೆಗೆ ಹೊರಗಿನ ಆ್ಯಪ್ ಜೋಡಣೆ: ದೋಷ ಪತ್ತೆ ಮತ್ತು ನಿವಾರಣೆ

ಪರದೆಯ ಮೇಲೆ ‘ಖಾತೆ ಜೋಡಣೆಯಾಗಿದೆ’ ಎಂಬ ಹಸಿರು ಗುರುತು ಬಂದ ಮೇಲೂ ತಂಡದ ಫೋಲ್ಡರ್ ಆ್ಯಪಿನೊಳಗೆ ಕಾಣಿಸದಿರಬಹುದು. ಕಾಣಿಸಿದರೂ ಅದರೊಳಗಿನ ಕಡತಗಳು ತೆರೆಯದಿರಬಹುದು. ತೆರೆದರೂ ಸ್ವಲ್ಪ ಹೊತ್ತಿನ ಬಳಿಕ ಸಂಪರ್ಕ ತಾನಾಗಿ ಕಡಿದುಹೋಗಬಹುದು. ಡ್ರಾಪ್‌ಬಾಕ್ಸ್‌ನ ತಂಡ ಖಾತೆ ಮತ್ತು ಗೂಗಲ್ ವರ್ಕ್‌ಸ್ಪೇಸ್‌ನ ಶೇರ್ಡ್ ಡ್ರೈವ್‌ಗೆ ಬೇರೊಬ್ಬರು ತಯಾರಿಸಿದ ಆ್ಯಪನ್ನು ಜೋಡಿಸುವಾಗ ಬರುವ ಇಂತಹ ದೋಷಗಳನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವಿವರಣೆ ಗಾಳಿಯಲ್ಲಿ ತೇಲಬಾರದೆಂಬ ಕಾರಣಕ್ಕೆ ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರಗಳಲ್ಲಿ ಚದುರಿರುವ ಕೆಲವರು ಸೇರಿ ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳನ್ನೂ ಶಾಲೆಗಳ ಸ್ಮರಣ ಸಂಚಿಕೆಗಳನ್ನೂ ಡಿಜಿಟಲ್ ರೂಪಕ್ಕೆ ತರುತ್ತಿದ್ದಾರೆ. ಕಡತಗಳೆಲ್ಲ ತಂಡದ ಕ್ಲೌಡ್ ಖಾತೆಯಲ್ಲಿವೆ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಹೆಕ್ಕುವ ಒಂದು ಆ್ಯಪನ್ನೂ ಪ್ರತಿದಿನ ರಾತ್ರಿ ಬ್ಯಾಕಪ್ ತೆಗೆಯುವ ಇನ್ನೊಂದನ್ನೂ ಆ ಖಾತೆಗೆ ಜೋಡಿಸಬೇಕಾಗಿದೆ. ಖಾತೆಯ ಅಡ್ಮಿನ್ ದುಬಾಯಿಯಲ್ಲಿ ಉದ್ಯೋಗದಲ್ಲಿದ್ದಾರೆ. ಕಾಸರಗೋಡಿನವರಿಗೆ ಈ ಕೊನೆಯ ಸಂಗತಿಯಲ್ಲಿ ಹೊಸತೇನೂ ಕಾಣದು. ಆದರೆ ದೋಷ ಪತ್ತೆಯ ಕೆಲಸದಲ್ಲಿ ಅದಕ್ಕೊಂದು ಪಾತ್ರವಿದೆ.

ಇಲ್ಲಿ ಹೇಳುವ ಮುಖ್ಯ ಪರೀಕ್ಷೆಗಳು ಮೂರು ಪ್ರಶ್ನೆಗಳ ಸುತ್ತ ಇವೆ. ಆ್ಯಪಿನ ಕೈಯಲ್ಲಿರುವ ಟೋಕನ್ (ಖಾತೆಯೊಳಗೆ ಹೋಗಲು ಸೇವೆ ಕೊಡುವ ಡಿಜಿಟಲ್ ಪ್ರವೇಶಪತ್ರ) ಯಾರ ಹೆಸರಿನದು? ಅದಕ್ಕೆ ಏನೇನು ಮಾಡಲು ಅನುಮತಿ ಇದೆ? ಆ್ಯಪ್ ಖಾತೆಯನ್ನು ಯಾವ ಮೂಲದಿಂದ, ಅಂದರೆ ಯಾವ ಫೋಲ್ಡರನ್ನು ಮೇಲ್ಮಟ್ಟವೆಂದು ಹಿಡಿದು, ನೋಡುತ್ತಿದೆ? ಈ ಕ್ರಮವನ್ನು ಬಿಟ್ಟು ಮೊದಲೇ ಆ್ಯಪನ್ನು ಅಳಿಸಿ ಮತ್ತೆ ಹಾಕುವ ರೂಢಿ ವ್ಯಾಪಕವಾಗಿದೆ. ಅದರಿಂದ ದೋಷದ ಕುರುಹುಗಳು ಅಳಿದುಹೋಗುವುದೇ ಹೆಚ್ಚು. ಮರುಸ್ಥಾಪನೆಯನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳುವುದು ಲೇಸು.

ಟೋಕನ್ ಯಾರದು?

ಡ್ರಾಪ್‌ಬಾಕ್ಸ್, ಗೂಗಲ್ ಎರಡೂ ಹೊರಗಿನ ಆ್ಯಪಿಗೆ ಪ್ರವೇಶ ಕೊಡುವುದು ಓಆತ್ 2.0 ಎಂಬ ವಿಧಾನದ ಮೂಲಕ. ಇದರಲ್ಲಿ ಬಳಕೆದಾರರ ಪಾಸ್‌ವರ್ಡ್ ಆ್ಯಪಿಗೆ ತಿಳಿಯುವುದೇ ಇಲ್ಲ; ಬ್ರೌಸರಿನಲ್ಲಿ ಬಳಕೆದಾರರು ಒಪ್ಪಿಗೆ ನೀಡಿದ ಬಳಿಕ ಸೇವೆಯು ಆ್ಯಪಿಗೆ ಟೋಕನ್ ಒಂದನ್ನು ಕೊಡುತ್ತದೆ. ಒಪ್ಪಿಗೆ ನೀಡುವ ಹೊತ್ತಿಗೆ ಬ್ರೌಸರಿನಲ್ಲಿ ಯಾವ ಖಾತೆ ತೆರೆದಿತ್ತೋ ಆ ಖಾತೆಗೇ ಟೋಕನ್ ಸೇರುತ್ತದೆ. ಮನೆಯ ಜಿಮೇಲ್ ಖಾತೆಯೂ ತಂಡದ ಖಾತೆಯೂ ಒಂದೇ ಬ್ರೌಸರಿನಲ್ಲಿ ತೆರೆದಿರುವಾಗ, ಅಥವಾ ಒಬ್ಬರೇ ಸದಸ್ಯರು ಖಾಸಗಿ ಡ್ರಾಪ್‌ಬಾಕ್ಸನ್ನೂ ತಂಡದ ಡ್ರಾಪ್‌ಬಾಕ್ಸನ್ನೂ ಒಟ್ಟಿಗೆ ಬಳಸುತ್ತಿರುವಾಗ, ಅವಸರದಲ್ಲಿ ‘ಅನುಮತಿಸು’ ಗುಂಡಿಯನ್ನು ಒತ್ತಿದರೆ ಖಾಸಗಿ ಖಾತೆ ಜೋಡಣೆಯಾಗಿಬಿಡುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಆ್ಯಪಿನ ಮಟ್ಟಿಗೆ ಎಲ್ಲವೂ ಸರಿಯಾಗಿದೆ.

ಪರೀಕ್ಷೆ ಸುಲಭ. ಆ್ಯಪಿನ ಸೆಟ್ಟಿಂಗ್ಸ್ ಪುಟದಲ್ಲಿ ಜೋಡಿತ ಖಾತೆಯ ಇಮೇಲ್ ವಿಳಾಸ ಯಾವುದೆಂದು ಓದಿ. ಅಲ್ಲಿ ವಿಳಾಸ ತೋರದಿದ್ದರೆ ತಂಡದ ಖಾತೆಯೊಳಗೆ ಹೋಗಿ, ಜೋಡಣೆಯಾದ ಆ್ಯಪ್‌ಗಳ ಪಟ್ಟಿಯಲ್ಲಿ ಈ ಆ್ಯಪಿನ ಹೆಸರು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಟೋಕನ್ ಬೇರೆ ಖಾತೆಗೆ ಹೋಗಿದೆ ಎಂದೇ ಅರ್ಥ. ಆಗ ತಪ್ಪು ಖಾತೆಯಲ್ಲಿ ಜೋಡಣೆಯನ್ನು ರದ್ದುಮಾಡಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತಂಡದ ಖಾತೆಗೆ ಮಾತ್ರ ಲಾಗಿನ್ ಆಗಿ ಮತ್ತೆ ಒಪ್ಪಿಗೆ ನೀಡಬೇಕು.

ಇದೇ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಟೋಕನ್ ಒಬ್ಬ ಸದಸ್ಯರ ಹೆಸರಿನಲ್ಲಿದ್ದರೆ ಆ ಸದಸ್ಯರಿಗೆ ಕಾಣದ ಫೋಲ್ಡರ್ ಆ್ಯಪಿಗೂ ಕಾಣುವುದಿಲ್ಲ, ಮತ್ತು ಅವರು ತಂಡ ಬಿಟ್ಟುಹೋಗಿ ಅವರ ಖಾತೆಯನ್ನು ಅಡ್ಮಿನ್ ಮುಚ್ಚಿದ ದಿನವೇ ರಾತ್ರಿಯ ಬ್ಯಾಕಪ್ ಕೂಡ ನಿಂತುಹೋಗುತ್ತದೆ. ಯುವಕರು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಕೆಲಸಕ್ಕೆ ಹೋಗುವುದು ಸಾಮಾನ್ಯವಾಗಿರುವ ನಮ್ಮ ಕಡೆ ಇದನ್ನು ಮೊದಲೇ ಯೋಚಿಸಿಡಬೇಕು. ವ್ಯಕ್ತಿಯ ಖಾತೆಗೆ ಬದಲಾಗಿ ಜೋಡಣೆಗಳಿಗೆಂದೇ ತಂಡದಲ್ಲಿ ಒಂದು ಪ್ರತ್ಯೇಕ ಸದಸ್ಯ ಖಾತೆಯನ್ನು ಇಟ್ಟುಕೊಂಡು, ಬೇಕಾದ ಫೋಲ್ಡರ್‌ಗಳಿಗಷ್ಟೇ ಅದಕ್ಕೆ ಪ್ರವೇಶ ಕೊಡುವುದು ಸರಿಯಾದ ಕ್ರಮ. ಒಂದು ಪರವಾನಗಿಯ ಖರ್ಚು ಹೆಚ್ಚಾಗುತ್ತದೆ, ನಿಜ. ತಿಂಗಳುಗಟ್ಟಲೆ ಬ್ಯಾಕಪ್ ಆಗದೆ ಉಳಿದದ್ದು ಕ್ಯಾಸೆಟ್ ಹಾಳಾದ ಮೇಲೆ ತಿಳಿಯುವ ನಷ್ಟಕ್ಕೆ ಹೋಲಿಸಿದರೆ ಅದು ದೊಡ್ಡದಲ್ಲ.

ಅಡ್ಮಿನ್ ಒಪ್ಪಿಗೆ ಮತ್ತು ಅನುಮತಿಯ ವ್ಯಾಪ್ತಿ

ಒಪ್ಪಿಗೆಯ ಪುಟವೇ ತೆರೆಯದೆ, ನಿಮ್ಮ ಸಂಸ್ಥೆ ಈ ಆ್ಯಪನ್ನು ತಡೆದಿದೆ ಎಂಬ ಅರ್ಥದ ಸಂದೇಶ ಬಂದರೆ ಸದಸ್ಯರ ಮಟ್ಟದಲ್ಲಿ ಮಾಡಬಹುದಾದದ್ದು ಏನೂ ಇಲ್ಲ. ಗೂಗಲ್‌ನಲ್ಲಿ ಇದು 400 ಎಂಬ ಸಂಖ್ಯೆಯೊಂದಿಗೆ ‘ಅಡ್ಮಿನ್ ಪಾಲಿಸಿ ಎನ್‌ಫೋರ್ಸ್ಡ್’ ಎಂಬ ಸಂದೇಶವಾಗಿ ಬರುತ್ತದೆ. ಅಡ್ಮಿನ್ ಕನ್ಸೋಲಿನ ಭದ್ರತೆ ವಿಭಾಗದಲ್ಲಿರುವ ಎಪಿಐ (ಹೊರಗಿನ ಆ್ಯಪ್ ಸೇವೆಯೊಂದಿಗೆ ಮಾತಾಡುವ ದಾರಿ) ನಿಯಂತ್ರಣದ ಪುಟಕ್ಕೆ ಹೋಗಿ ಆ್ಯಪನ್ನು ವಿಶ್ವಾಸಾರ್ಹವೆಂದೋ ಸೀಮಿತವೆಂದೋ ಗುರುತಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇದೆ. ಡ್ರಾಪ್‌ಬಾಕ್ಸ್ ತಂಡದ ಅಡ್ಮಿನ್ ಕೂಡ ಸದಸ್ಯರು ಹೊರಗಿನ ಆ್ಯಪ್ ಜೋಡಿಸುವುದನ್ನು ತಡೆಯಬಲ್ಲರು. ಶಾಲೆಗಳಲ್ಲಿ ಗೂಗಲ್ ವರ್ಕ್‌ಸ್ಪೇಸ್‌ನ ಶಿಕ್ಷಣ ಆವೃತ್ತಿಯನ್ನು ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: 18 ವರ್ಷಕ್ಕಿಂತ ಕೆಳಗಿನವರೆಂದು ಗುರುತಿಸಿದ ಖಾತೆಗಳಿಗೆ, ಅಡ್ಮಿನ್ ಮುಂಚಿತವಾಗಿ ತೀರ್ಮಾನಿಸದ ಆ್ಯಪ್‌ಗಳು ತೆರೆಯುವುದಿಲ್ಲ. ಅಧ್ಯಾಪಕರ ಕಂಪ್ಯೂಟರಿನಲ್ಲಿ ನಡೆದದ್ದು ವಿದ್ಯಾರ್ಥಿಯ ಖಾತೆಯಲ್ಲಿ ನಡೆಯದಿದ್ದರೆ ಮೊದಲು ಇದನ್ನೇ ಸಂಶಯಿಸಿ.

ಅಡ್ಮಿನ್ ದೂರದಲ್ಲಿರುವಾಗ ‘ಆ್ಯಪ್ ಬರುತ್ತಿಲ್ಲ, ಒಮ್ಮೆ ನೋಡಿ’ ಎಂಬ ವಾಟ್ಸಾಪ್ ಸಂದೇಶದಿಂದ ಕೆಲಸವಾಗುವುದಿಲ್ಲ. ಆ್ಯಪಿನ ಪೂರ್ಣ ಹೆಸರು, ಅದರ ತಯಾರಕರು, ಒಪ್ಪಿಗೆಯ ಪುಟದ ಚಿತ್ರ, ಅದು ಕೇಳುತ್ತಿರುವ ಅನುಮತಿಗಳ ಪಟ್ಟಿ, ಯಾವ ಸದಸ್ಯ ಖಾತೆಗೆ ಅದು ಬೇಕು ಎಂಬಿಷ್ಟನ್ನು ಒಂದೇ ಬಾರಿಗೆ ಕಳುಹಿಸಿದರೆ ಅವರು ತಮ್ಮ ಊಟದ ಬಿಡುವಿನಲ್ಲಿಯೇ ತೀರ್ಮಾನಿಸಬಹುದು. ಸಮಯ ಉಳಿಸಲೆಂದು ಅಡ್ಮಿನ್‌ನ ಪಾಸ್‌ವರ್ಡ್ ಮತ್ತು ಓಟಿಪಿ ಕೇಳಿ ಪಡೆದು ಊರಿನಲ್ಲಿರುವವರೇ ಒಪ್ಪಿಗೆ ಒತ್ತುವ ಪದ್ಧತಿಯನ್ನು ಕಟ್ಟುನಿಟ್ಟಾಗಿ ಬಿಡಬೇಕು. ಹಾಗೆ ಪಡೆದ ಟೋಕನ್ ಅಡ್ಮಿನ್‌ನ ಹೆಸರಿನಲ್ಲಿರುತ್ತದೆ, ಅಂದರೆ ಅಕ್ಷರ ಹೆಕ್ಕುವ ಒಂದು ಸಣ್ಣ ಆ್ಯಪಿಗೆ ಅಡ್ಮಿನ್ ಕಾಣುವ ಕಡತಗಳೆಲ್ಲ ಕಾಣುತ್ತವೆ.

ಅನುಮತಿಯ ವ್ಯಾಪ್ತಿಯನ್ನು ಸ್ಕೋಪ್ ಎನ್ನುತ್ತಾರೆ. ಕಡತಗಳ ಪಟ್ಟಿಯನ್ನು ಓದುವುದು ಒಂದು ಸ್ಕೋಪ್, ಕಡತದ ಒಳಭಾಗವನ್ನು ಓದುವುದು ಇನ್ನೊಂದು, ಬರೆಯುವುದು ಮತ್ತೊಂದು. ಡ್ರಾಪ್‌ಬಾಕ್ಸ್‌ನಲ್ಲಿ 401 ಸಂಖ್ಯೆಯೊಂದಿಗೆ ‘ಮಿಸ್ಸಿಂಗ್ ಸ್ಕೋಪ್’ ಎಂದು ಬಂದರೆ ಟೋಕನ್ ಜೀವಂತವಾಗಿದೆ, ಆದರೆ ಕೇಳಿದ ಕೆಲಸಕ್ಕೆ ಅದರಲ್ಲಿ ಅನುಮತಿ ಇಲ್ಲ. ಆ್ಯಪ್ ತಯಾರಕರು ಹೊಸ ಸ್ಕೋಪನ್ನು ಸೇರಿಸಿದ ಮಾತ್ರಕ್ಕೆ ಹಳೆಯ ಟೋಕನ್‌ಗೆ ಅದು ಸೇರುವುದಿಲ್ಲ. ಬಳಕೆದಾರರು ಮತ್ತೊಮ್ಮೆ ಒಪ್ಪಿಗೆ ನೀಡಲೇಬೇಕು. ‘ನಾವು ಸರಿಮಾಡಿದ್ದೇವೆ’ ಎಂದು ತಯಾರಕರು ಹೇಳಿದ ಮೇಲೂ ದೋಷ ಉಳಿಯುವುದು ಇಂತಹ ಸಂದರ್ಭದಲ್ಲಿ.

ಗೂಗಲ್‌ನಲ್ಲಿ ಇದಕ್ಕೆ ಹೊಂದಿಕೊಂಡ ಒಂದು ಸೂಕ್ಷ್ಮವಿದೆ. ‘ಡ್ರೈವ್ ಡಾಟ್ ಫೈಲ್’ ಎಂಬ ಸ್ಕೋಪ್ ಮಾತ್ರ ಇರುವ ಆ್ಯಪಿಗೆ, ತಾನೇ ಸೃಷ್ಟಿಸಿದ ಅಥವಾ ಬಳಕೆದಾರರು ಅದಕ್ಕಾಗಿ ಆರಿಸಿಕೊಟ್ಟ ಕಡತಗಳಷ್ಟೇ ಕಾಣುತ್ತವೆ. ಡ್ರೈವ್ ತುಂಬ ಕಡತಗಳಿದ್ದೂ ಆ್ಯಪ್ ಖಾಲಿ ಪಟ್ಟಿ ತೋರಿಸುತ್ತದೆ. ಇದು ದೋಷವಲ್ಲ, ವಿನ್ಯಾಸವೇ ಹಾಗೆ, ಮತ್ತು ಭದ್ರತೆಯ ದೃಷ್ಟಿಯಿಂದ ಒಳ್ಳೆಯ ವಿನ್ಯಾಸ. ಡ್ರಾಪ್‌ಬಾಕ್ಸ್‌ನಲ್ಲಿಯೂ ‘ಆ್ಯಪ್ ಫೋಲ್ಡರ್’ ಬಗೆಯ ಆ್ಯಪ್‌ಗಳು ತಮ್ಮದೇ ಒಂದು ಫೋಲ್ಡರಿನಿಂದ ಹೊರಗೆ ನೋಡಲಾರವು. ಅಂತಹ ಆ್ಯಪಿಗೆ ತಂಡದ ಫೋಲ್ಡರನ್ನು ತೋರಿಸುವ ಯಾವ ಸೆಟ್ಟಿಂಗೂ ಇಲ್ಲ. ಪೂರ್ಣ ಪ್ರವೇಶದ ಬಗೆಯಾಗಿ ನೋಂದಣಿಯಾದ ಬೇರೆ ಆ್ಯಪೇ ಬೇಕು.

ಜೋಡಣೆಯಾಗಿದೆ, ತಂಡದ ಫೋಲ್ಡರ್ ಮಾತ್ರ ಇಲ್ಲ

ಖಾತೆ ಸರಿ, ಅನುಮತಿ ಸರಿ. ಸದಸ್ಯರ ಸ್ವಂತ ಕಡತಗಳು ಆ್ಯಪಿನಲ್ಲಿ ಕಾಣುತ್ತವೆ, ತಂಡದ ಫೋಲ್ಡರ್ ಮಾತ್ರ ಕಾಣುವುದಿಲ್ಲ. ತಂಡ ಖಾತೆಗಳಿಗೇ ವಿಶಿಷ್ಟವಾದ ದೋಷವಿದು. ಇದರ ಕಾರಣ ತಿಳಿದಿರದವರು ಫೋಲ್ಡರಿನ ಹಂಚಿಕೆಯನ್ನು ಮತ್ತೆ ಮತ್ತೆ ಬದಲಿಸುತ್ತ ದಿನ ಕಳೆಯುತ್ತಾರೆ.

ಡ್ರಾಪ್‌ಬಾಕ್ಸ್‌ನ ತಂಡ ಖಾತೆಯಲ್ಲಿ ಎರಡು ಮೂಲಗಳಿವೆ. ಒಂದು, ಇಡೀ ತಂಡದ ಜಾಗದ ಮೂಲ. ಅದರೊಳಗೆ ತಂಡದ ಫೋಲ್ಡರ್‌ಗಳೂ ಆಯಾ ಸದಸ್ಯರ ಹೆಸರಿನ ಫೋಲ್ಡರೂ ಇರುತ್ತವೆ. ಇನ್ನೊಂದು, ಸದಸ್ಯರ ಸ್ವಂತ ಫೋಲ್ಡರೇ ಮೂಲವಾಗಿರುವುದು. ಬ್ರೌಸರಿನಲ್ಲಿ ತೆರೆದಾಗ ಮೊದಲನೆಯದು ಕಾಣುತ್ತದೆ. ಆದರೆ ಎಪಿಐ ಮೂಲಕ ಬರುವ ಆ್ಯಪ್, ತಾನಾಗಿ ಬೇರೆ ಹೇಳದಿದ್ದರೆ, ಎರಡನೆಯದರಲ್ಲಿ ನಿಲ್ಲುತ್ತದೆ. ತರವಾಡು ಮನೆಯಲ್ಲಿ ನೆಂಟನನ್ನು ನೇರವಾಗಿ ಒಬ್ಬರ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದಂತೆ ಇದು: ಎಲ್ಲರಿಗೂ ಸೇರಿದ ಚಾವಡಿ ಹೊರಗೇ ಇದೆ, ಅವನಿಗೆ ಕಾಣುವುದಿಲ್ಲ. ಚಾವಡಿಯಿಂದ ನೋಡಬೇಕಾದರೆ ಆ್ಯಪ್ ಪ್ರತಿ ವಿನಂತಿಯ ಜೊತೆಗೆ ‘ಪಾತ್ ರೂಟ್’ ಎಂಬ ಹೆಡರನ್ನು (ವಿನಂತಿಯ ತಲೆಭಾಗದ ಸೂಚನಾ ಸಾಲು) ಕಳುಹಿಸಿ, ತಂಡದ ಮೂಲದ ಗುರುತು ಸಂಖ್ಯೆಯನ್ನು ಅದರಲ್ಲಿ ಸೂಚಿಸಬೇಕು.

ಇದನ್ನು ಖಚಿತಪಡಿಸಿಕೊಳ್ಳುವ ಬಗೆ ಹೀಗಿದೆ. ಪ್ರಸ್ತುತ ಖಾತೆಯ ವಿವರ ಕೇಳುವ ಎಪಿಐ ಕರೆಯ ಉತ್ತರದಲ್ಲಿ ‘ರೂಟ್ ಇನ್ಫೊ’ ಎಂಬ ಭಾಗವಿರುತ್ತದೆ. ಅದರಲ್ಲಿ ಮೂಲದ ಸಂಖ್ಯೆ ಮತ್ತು ಸದಸ್ಯರ ಮನೆ ಫೋಲ್ಡರಿನ ಸಂಖ್ಯೆ ಬೇರೆ ಬೇರೆಯಾಗಿದ್ದರೆ ನಿಮ್ಮ ತಂಡಕ್ಕೆ ಪ್ರತ್ಯೇಕ ತಂಡದ ಜಾಗವಿದೆ ಎಂದರ್ಥ. ಎರಡೂ ಒಂದೇ ಆಗಿದ್ದರೆ ದೋಷ ಇಲ್ಲಿಲ್ಲ, ಮುಂದಕ್ಕೆ ಹೋಗಿ. ಎಪಿಐ ಕರೆಯ ಅಭ್ಯಾಸವಿಲ್ಲದವರು ಬ್ರೌಸರಿನಲ್ಲಿ ಖಾತೆ ತೆರೆದು, ಮೇಲ್ಮಟ್ಟದಲ್ಲಿ ತಮ್ಮ ಹೆಸರಿನ ಒಂದು ಫೋಲ್ಡರೂ ಅದರ ಪಕ್ಕದಲ್ಲೇ ತಂಡದ ಫೋಲ್ಡರ್‌ಗಳೂ ಕಾಣುತ್ತವೆಯೇ ಎಂದು ನೋಡಿದರೂ ಸಾಕು.

ಕೆಲವು ಆ್ಯಪ್‌ಗಳಲ್ಲಿ ಮೂಲವನ್ನು ಆರಿಸುವ ಸೌಲಭ್ಯ ಇದ್ದರೂ ಅದು ಮರೆಯಲ್ಲಿರುತ್ತದೆ. ಬ್ಯಾಕಪ್‌ಗೆ ಅನೇಕರು ಬಳಸುವ ಆರ್‌ಕ್ಲೋನ್ ಇದಕ್ಕೆ ಒಳ್ಳೆಯ ಉದಾಹರಣೆ: ಅದರಲ್ಲಿ ಡ್ರಾಪ್‌ಬಾಕ್ಸ್ ವ್ಯವಹಾರ ಖಾತೆಯ ವಿಳಾಸವನ್ನು ಸುಮ್ಮನೆ ಬರೆದರೆ ಸದಸ್ಯರ ಸ್ವಂತ ಫೋಲ್ಡರ್ ಎಂದಾಗುತ್ತದೆ, ಕೋಲನ್ ಚಿಹ್ನೆಯ ನಂತರ ಒಂದು ಓರೆಗೆರೆ ಹಾಕಿ ವಿಳಾಸ ಆರಂಭಿಸಿದರೆ ತಂಡದ ಮೂಲ ಎಂದಾಗುತ್ತದೆ. ಒಂದು ಓರೆಗೆರೆಯಿಂದ ಇಡೀ ತಂಡದ ಸಂಗ್ರಹ ಬ್ಯಾಕಪ್‌ಗೆ ಸೇರಬಹುದು, ಇಲ್ಲವೇ ಹೊರಗುಳಿಯಬಹುದು. ಮೊದಲ ಬ್ಯಾಕಪ್ ನಡೆದ ಮೇಲೆ ಹಸಿರು ಗುರುತನ್ನು ನಂಬದೆ, ಕಡತಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಮೂಲದೊಂದಿಗೆ ತಾಳೆ ನೋಡಬೇಕೆಂದು ಒತ್ತಿ ಹೇಳುವುದು ಈ ಕಾರಣದಿಂದಲೇ. ಆ್ಯಪಿನಲ್ಲಿ ಮೂಲವನ್ನು ಆರಿಸುವ ದಾರಿಯೇ ಇಲ್ಲದಿದ್ದರೆ ಅದು ತಂಡದ ಜಾಗಕ್ಕೆ ಹೊಂದುವ ಆ್ಯಪಲ್ಲ. ಕಡತಗಳನ್ನು ಸದಸ್ಯರ ಸ್ವಂತ ಫೋಲ್ಡರಿಗೆ ನಕಲು ಮಾಡಿ ನಡೆಸುವುದು ತಾತ್ಕಾಲಿಕ ಉಪಾಯ ಮಾತ್ರ, ಏಕೆಂದರೆ ಎರಡು ಪ್ರತಿಗಳಲ್ಲಿ ಯಾವುದು ತಿದ್ದಿದ್ದು ಎಂಬ ಗೊಂದಲ ಬೇಗನೆ ಹುಟ್ಟುತ್ತದೆ.

ಗೂಗಲ್‌ನ ಶೇರ್ಡ್ ಡ್ರೈವ್‌ನಲ್ಲಿ ದೋಷದ ಸ್ವರೂಪ ಇದೇ, ಕಾರಣ ಬೇರೆ. 2017ರಲ್ಲಿ ಟೀಮ್ ಡ್ರೈವ್ ಎಂಬ ಹೆಸರಿನಲ್ಲಿ ಬಂದು 2019ರಲ್ಲಿ ಶೇರ್ಡ್ ಡ್ರೈವ್ ಆದ ಈ ವ್ಯವಸ್ಥೆಯಲ್ಲಿ ಕಡತಗಳ ಒಡೆತನ ವ್ಯಕ್ತಿಯದಲ್ಲ, ಸಂಸ್ಥೆಯದು. ಅದಕ್ಕಿಂತ ಮುಂಚಿನ ಕ್ರಮದಲ್ಲಿ ಬರೆದ ಆ್ಯಪ್‌ಗಳು ‘ಎಲ್ಲ ಡ್ರೈವ್‌ಗಳನ್ನೂ ಬಲ್ಲೆ’ ಎಂದು ಪ್ರತಿ ವಿನಂತಿಯಲ್ಲಿ ಗೂಗಲ್‌ಗೆ ಸೂಚಿಸದಿದ್ದರೆ, ಕಣ್ಣೆದುರಿಗೇ ಇರುವ ಕಡತಕ್ಕೂ 404, ಅಂದರೆ ‘ಕಡತ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಬ್ರೌಸರಿನಲ್ಲಿ ತೆರೆಯುವ ಕಡತಕ್ಕೆ ಆ್ಯಪಿನಲ್ಲಿ 404 ಬಂದರೆ ಕಡತ ಅಳಿದುಹೋಗಿದೆ ಎಂದು ಗಾಬರಿಪಡಬೇಕಿಲ್ಲ. ಆರ್‌ಕ್ಲೋನ್ ಜೋಡಣೆಯ ಹಂತದಲ್ಲೇ ಇದು ಶೇರ್ಡ್ ಡ್ರೈವೇ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಹೌದೆಂದು ಉತ್ತರಿಸಬೇಕು. ಶೇರ್ಡ್ ಡ್ರೈವ್‌ನ ಫೋಲ್ಡರಿಗೆ ‘ನನ್ನ ಡ್ರೈವ್’ನಲ್ಲಿ ಶಾರ್ಟ್‌ಕಟ್ ಇಟ್ಟು ಕೆಲಸ ಸಾಧಿಸಲು ನೋಡುವವರಿದ್ದಾರೆ, ಶಾರ್ಟ್‌ಕಟ್ ತಾನೇ ಒಂದು ಪ್ರತ್ಯೇಕ ಬಗೆಯ ಕಡತವಾದ್ದರಿಂದ ಅದರ ಬೆನ್ನುಹತ್ತಿ ಹೋಗುವ ಜಾಣ್ಮೆ ಎಲ್ಲ ಆ್ಯಪ್‌ಗಳಿಗೆ ಇರುವುದಿಲ್ಲ.

ಇನ್ನೊಂದು ಸಂದರ್ಭ: ಕಡತ ಕಾಣುತ್ತದೆ, ಹೊಸ ಕಡತ ಸೇರಿಸಲೂ ಆಗುತ್ತದೆ, ಆದರೆ ಆ್ಯಪ್ ಕೊನೆಯ ಹಂತದಲ್ಲಿ ಸೋಲುತ್ತದೆ. ಶೇರ್ಡ್ ಡ್ರೈವ್‌ನಲ್ಲಿ ಕಾಂಟ್ರಿಬ್ಯೂಟರ್ ಪಾತ್ರದ ಸದಸ್ಯರು ಕಡತ ಸೇರಿಸಬಹುದು, ತಿದ್ದಬಹುದು, ಆದರೆ ಅಳಿಸಲಾರರು. ತಾತ್ಕಾಲಿಕ ಕಡತವನ್ನು ಬರೆದು, ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕುವ ಆ್ಯಪ್‌ಗಳು ಇಲ್ಲಿ ಮುಗ್ಗರಿಸಿ, ಅರೆಬರೆ ಹೆಸರಿನ ಕಡತಗಳನ್ನು ಹಾಗೆಯೇ ಬಿಡುತ್ತವೆ. ಆ್ಯಪ್ ಆ ಕಡತವನ್ನು ಟ್ರ್ಯಾಶ್‌ಗೆ ಹಾಕುವುದಾದರೆ ಆ ಸದಸ್ಯ ಖಾತೆಗೆ ಕಂಟೆಂಟ್ ಮ್ಯಾನೇಜರ್ ಪಾತ್ರ ಕೊಟ್ಟರೆ ಸರಿಹೋಗುತ್ತದೆ; ನೇರವಾಗಿ ಶಾಶ್ವತವಾಗಿ ಅಳಿಸುವುದಾದರೆ ಮ್ಯಾನೇಜರ್ ಪಾತ್ರವೇ ಬೇಕು.

ನಿಯಮಿತವಾಗಿ ಕಡಿಯುವ ಸಂಪರ್ಕ

ಸಂಪರ್ಕ ಎಷ್ಟು ಹೊತ್ತಿಗೊಮ್ಮೆ ಕಡಿಯುತ್ತದೆ ಎಂಬುದೇ ಇಲ್ಲಿ ಉತ್ತಮ ಸಾಕ್ಷಿ. ಆ್ಯಪಿನ ಲಾಗ್ (ನಡೆದದ್ದನ್ನೆಲ್ಲ ಸಮಯದೊಂದಿಗೆ ಬರೆದಿಡುವ ದಾಖಲೆ) ತೆರೆದು, ಯಶಸ್ವಿಯಾದ ಜೋಡಣೆಗೂ ಮೊದಲ ವಿಫಲ ವಿನಂತಿಗೂ ನಡುವಿನ ಅಂತರವನ್ನು ಲೆಕ್ಕಹಾಕಿ. ಲಾಗಿನ ಸಮಯ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರಕ್ಕೆ ಹೊಂದಿಸಲು 5 ಗಂಟೆ 30 ನಿಮಿಷ ಕೂಡಿಸಬೇಕು, ದುಬಾಯಿಯಲ್ಲಿರುವ ಅಡ್ಮಿನ್ ತಾವು ಬದಲಾವಣೆ ಮಾಡಿದ ಹೊತ್ತನ್ನು ಹೇಳಿದರೆ ಅದಕ್ಕೆ 4 ಗಂಟೆ ಕಳೆದು ಯುಟಿಸಿ ಮಾಡಿಕೊಳ್ಳಬೇಕು. ಈ ಒಂದು ಲೆಕ್ಕ ತಪ್ಪಿದರೆ ಅಡ್ಮಿನ್ ಮಾಡಿದ ಬದಲಾವಣೆಗೂ ದೋಷಕ್ಕೂ ಇಲ್ಲದ ಸಂಬಂಧ ಕಟ್ಟಿಬಿಡುತ್ತೇವೆ.

ಗೂಗಲ್‌ನ ಪ್ರವೇಶ ಟೋಕನ್ ಸುಮಾರು 1 ಗಂಟೆ ಬಾಳುತ್ತದೆ, ಡ್ರಾಪ್‌ಬಾಕ್ಸ್‌ನದು 4 ಗಂಟೆ. ಈ ಅಂತರಗಳಲ್ಲಿ ಸಂಪರ್ಕ ಕಡಿಯುತ್ತಿದ್ದರೆ ಆ್ಯಪ್ ಟೋಕನನ್ನು ನವೀಕರಿಸುತ್ತಿಲ್ಲ. ಡ್ರಾಪ್‌ಬಾಕ್ಸ್ ಹಿಂದೆ ಅವಧಿಯೇ ಇಲ್ಲದ ದೀರ್ಘಕಾಲದ ಟೋಕನ್‌ಗಳನ್ನು ಕೊಡುತ್ತಿತ್ತು. 2021ರ ಸೆಪ್ಟೆಂಬರ್ ಅಂತ್ಯದಿಂದ ಹೊಸದಾಗಿ ಅವುಗಳನ್ನು ಕೊಡುವುದನ್ನು ನಿಲ್ಲಿಸಿತು. ಆ ಕಾಲಕ್ಕಿಂತ ಹಿಂದಿನ ಬೋಧನೆಯನ್ನು ಅನುಸರಿಸಿ, ಡೆವಲಪರ್ ಪುಟದಲ್ಲಿ ಟೋಕನ್ ಸೃಷ್ಟಿಸಿ ಆ್ಯಪಿನೊಳಗೆ ಅಂಟಿಸುವವರ ಜೋಡಣೆ ಬೆಳಗ್ಗೆ ನಡೆದು ಮಧ್ಯಾಹ್ನದ ಊಟದ ಹೊತ್ತಿಗೆ ಸಾಯುತ್ತದೆ. ಪರಿಹಾರವೆಂದರೆ ‘ಆಫ್‌ಲೈನ್’ ಬಗೆಯ ಒಪ್ಪಿಗೆ ಪಡೆದು, ಹೊಸ ಪ್ರವೇಶ ಟೋಕನನ್ನು ತಾನಾಗಿ ಪಡೆಯಲು ನೆರವಾಗುವ ರಿಫ್ರೆಶ್ ಟೋಕನ್ ಇಟ್ಟುಕೊಳ್ಳುವ ಆ್ಯಪನ್ನು ಬಳಸುವುದು. ಡ್ರಾಪ್‌ಬಾಕ್ಸ್‌ನ ರಿಫ್ರೆಶ್ ಟೋಕನ್ ತಾನಾಗಿ ಮುಗಿಯುವುದಿಲ್ಲ. ಯಾರಾದರೂ ಜೋಡಣೆಯನ್ನು ರದ್ದುಮಾಡಿದರೆ ಮಾತ್ರ ಅದು ಕೆಲಸ ನಿಲ್ಲಿಸುತ್ತದೆ.

ಗೂಗಲ್‌ನಲ್ಲಿ 7 ದಿನಕ್ಕೊಮ್ಮೆ ‘ಇನ್‌ವ್ಯಾಲಿಡ್ ಗ್ರಾಂಟ್’ ಎಂದು ಬಂದರೆ ಸಂಶಯವೇ ಬೇಡ: ಬಳಸುತ್ತಿರುವ ಕ್ಲೈಂಟ್ ಐಡಿ, ಅಂದರೆ ಗೂಗಲ್ ಬಳಿ ಆ್ಯಪಿನ ನೋಂದಣಿ ಗುರುತು, ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲಿದೆ. ಆರ್‌ಕ್ಲೋನ್‌ಗೆ ಸ್ವಂತ ಕ್ಲೈಂಟ್ ಐಡಿ ಮಾಡಿಕೊಂಡರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಿದವರು ಒಪ್ಪಿಗೆ ಪುಟದ ಸ್ಥಿತಿಯನ್ನು ‘ಪ್ರೊಡಕ್ಷನ್’ಗೆ ಬದಲಿಸದೆ ಬಿಟ್ಟು, ವರ್ಕ್‌ಸ್ಪೇಸ್ ತಂಡದವರಾಗಿದ್ದರೆ ಅದನ್ನು ‘ಇಂಟರ್ನಲ್’ ಎಂದೂ ಗುರುತಿಸದಿದ್ದರೆ, ಪ್ರತಿ ವಾರ ಮತ್ತೆ ಲಾಗಿನ್ ಆಗುವ ಶಿಕ್ಷೆ ತಪ್ಪಿದ್ದಲ್ಲ. ಇನ್ನು 6 ತಿಂಗಳು ಬಳಸದೆ ಬಿಟ್ಟ ಗೂಗಲ್ ರಿಫ್ರೆಶ್ ಟೋಕನ್ ಕೂಡ ನಿಷ್ಕ್ರಿಯವಾಗುತ್ತದೆ; ವರ್ಷಕ್ಕೊಮ್ಮೆ ಸ್ಮರಣ ಸಂಚಿಕೆಯ ಹೊತ್ತಿಗಷ್ಟೇ ಆ್ಯಪ್ ತೆರೆಯುವವರು ಆಗ ಹೊಸದಾಗಿ ಒಪ್ಪಿಗೆ ನೀಡಿದರಾಯಿತು.

ಅಂತರಕ್ಕೆ ಯಾವ ನಿಯಮವೂ ಕಾಣದಿದ್ದರೆ ಕಂಪ್ಯೂಟರಿನ ಗಡಿಯಾರ ನೋಡಿ. ತುಲಾ ಮಾಸದ ಗುಡುಗು ಸಿಡಿಲಿಗೆ ಹೆದರಿ ನಮ್ಮಲ್ಲಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಿಡುತ್ತಾರೆ; ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಮತ್ತೆ ಹಚ್ಚಿದಾಗ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಆಗ ಸುರಕ್ಷಾ ಪ್ರಮಾಣಪತ್ರಗಳು ಅಮಾನ್ಯವೆಂದು ತೋರುತ್ತವೆ, ಸರ್ವಿಸ್ ಅಕೌಂಟ್ (ವ್ಯಕ್ತಿಗಲ್ಲ, ಪ್ರೋಗ್ರಾಮಿಗೆಂದೇ ಇರುವ ಖಾತೆ) ಮೂಲಕ ಗೂಗಲ್‌ಗೆ ಹೋಗುವ ವಿನಂತಿಗಳು ಸಮಯ ಹೊಂದದೆ ತಿರಸ್ಕೃತವಾಗುತ್ತವೆ. ಸಿಆರ್2032 ಬ್ಯಾಟರಿಯೊಂದನ್ನು ಬದಲಿಸಿ, ಸಮಯವನ್ನು ಅಂತರ್ಜಾಲದಿಂದ ತಾನಾಗಿ ಹೊಂದಿಸುವಂತೆ ಮಾಡಿದರೆ ಮುಗಿಯಿತು.

ಹೆಸರು ಒಂದೇ, ಕಡತ ಮಾತ್ರ ಸಿಗದು

ಫೋಲ್ಡರ್ ತೆರೆಯುತ್ತದೆ, ಇಂಗ್ಲಿಷ್ ಹೆಸರಿನ ಕಡತಗಳೆಲ್ಲ ಸಿಗುತ್ತವೆ, ಕನ್ನಡ ಹೆಸರಿನ ಕೆಲವಕ್ಕೆ ಮಾತ್ರ ‘ನಾಟ್ ಫೌಂಡ್’ ಎಂದು ಬರುತ್ತದೆ. ಕನ್ನಡ ಹೆಸರುಗಳೆಲ್ಲವೂ ಸೋತರೆ ಆ್ಯಪಿಗೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಬಾರದೆಂದು ತೀರ್ಮಾನಿಸಬಹುದಿತ್ತು. ಕೆಲವು ಮಾತ್ರ ಸೋಲುವುದರಿಂದ ಈ ದೋಷ ಜನರನ್ನು ಬಹಳ ಗೋಳುಹೊಯ್ದುಕೊಳ್ಳುತ್ತದೆ.

ಕಾರಣವಿಷ್ಟು: ಯೂನಿಕೋಡಿನಲ್ಲಿ ‘ಬೇಕಲ ಕೋಟೆ’ ಎಂಬ ಹೆಸರನ್ನು ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ದಾಖಲಿಸಲು ಸಾಧ್ಯ. ‘ಬೇ’ಯಲ್ಲಿನ ಏಕಾರದ ಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು, ‘ಕೋ’ದ ಓಕಾರವನ್ನು ಒಂದು ಸಂಕೇತವಾಗಿಯೂ, ಬಿಡಿಸಿದರೆ ಮೂರಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತಿದ್ದವು; ವಿಂಡೋಸಿನಲ್ಲಿ ಟೈಪ್ ಮಾಡಿದ ಹೆಸರು ಸಾಮಾನ್ಯವಾಗಿ ಕೂಡಿದ ರೂಪದಲ್ಲಿರುತ್ತದೆ. ಮಂಜೇಶ್ವರದವರು ಮ್ಯಾಕ್‌ನಿಂದ ಏರಿಸಿದ ಕಡತವನ್ನು ಕುಂಬಳೆಯವರು ಆ್ಯಪಿನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗದಿರುವುದಕ್ಕೆ ಇದೇ ಕಾರಣ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಅಕ್ಕಪಕ್ಕ ಕುಳಿತಿದ್ದರೆ, ಅಥವಾ ‘ಯೂನಿಕೋಡ್ ಎನ್‌ಕೋಡಿಂಗ್ ಕಾನ್‌ಫ್ಲಿಕ್ಟ್’ ಎಂಬ ಬಾಲ ಹೊತ್ತ ಕಡತ ಡ್ರಾಪ್‌ಬಾಕ್ಸ್‌ನಲ್ಲಿ ಕಂಡರೆ ರೋಗನಿರ್ಣಯ ಆದಂತೆಯೇ. ಹೆಸರುಗಳನ್ನು ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ಒಟ್ಟಾಗಿ ಬದಲಿಸುವ ಉಪಕರಣಗಳು ಇದನ್ನು ಸರಿಪಡಿಸುತ್ತವೆ.

ಆದರೆ ಎನ್‌ಎಫ್‌ಸಿಗೂ ಬಗ್ಗದ ಒಂದು ಬಗೆಯಿದೆ. ‘ಪೆರ್ಲ’ ಎಂದು ಅರ್ಕಾವತ್ತಿನಿಂದ ಬರೆಯುವವರಿದ್ದಾರೆ, ‘ಪೆರ‍್ಲ’ ಎಂದು ರಕಾರಕ್ಕೆ ಒತ್ತು ಕೊಟ್ಟು ಬರೆಯುವವರೂ ಇದ್ದಾರೆ. ಎರಡನೆಯ ರೂಪದ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಕುಳಿತಿರುತ್ತದೆ. ಅದನ್ನು ಎನ್‌ಎಫ್‌ಸಿಯಂತಹ ಸಾಮಾನ್ಯೀಕರಣ (ಒಂದೇ ರೂಪಕ್ಕೆ ತರುವ ಕ್ರಮ) ತೆಗೆಯುವುದಿಲ್ಲ, ಏಕೆಂದರೆ ಅದು ಬರಹದ ರೂಪವನ್ನು ನಿರ್ಧರಿಸುವ ಸಂಕೇತ. ಮಲಯಾಳ ಹೆಸರಿನ ಕಡತಗಳಲ್ಲಿಯೂ ಇದೇ ಪಾಡು: ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳ ವಿಶೇಷ ರೂಪಗಳು) ಸ್ವತಂತ್ರ ಸಂಕೇತಗಳು ಬಂದದ್ದು 2008ರ ಯೂನಿಕೋಡ್ 5.1ರಲ್ಲಿ, ಅದಕ್ಕೂ ಹಿಂದಿನ ಕ್ರಮದಲ್ಲಿ ವ್ಯಂಜನ, ಚಂದ್ರಕ್ಕಲ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ಮತ್ತು ಜೋಡಕ ಸೇರಿಸಿ ಅವುಗಳನ್ನು ಬರೆಯುತ್ತಿದ್ದರು, ಈ ಎರಡನ್ನು ಯೂನಿಕೋಡ್ ಸಮಾನವೆಂದು ಪರಿಗಣಿಸುವುದಿಲ್ಲ. ಪಂಚಾಯತಿನಿಂದ ಮಲಯಾಳದಲ್ಲಿ ಬಂದ ಪತ್ರವೂ ನಾವು ಕನ್ನಡದಲ್ಲಿ ಬರೆದ ಅರ್ಜಿಯೂ ಒಂದೇ ಫೋಲ್ಡರಿನಲ್ಲಿರುವ ಕಾಸರಗೋಡಿನ ಕಚೇರಿಗಳಿಗೆ ಈ ದೋಷ ಎರಡೂ ಕಡೆಯಿಂದ ತಟ್ಟಬಹುದು. ಹೆಸರನ್ನು ಕೈಯಿಂದ ಟೈಪ್ ಮಾಡದೆ ಆ್ಯಪಿನ ಪಟ್ಟಿಯಿಂದಲೇ ಆರಿಸುವುದು, ಸಾಧ್ಯವಿದ್ದಲ್ಲಿ ಹೆಸರಿಗೆ ಬದಲು ಕಡತದ ಐಡಿಯನ್ನು ಬಳಸುವುದು, ಮತ್ತು ತಂಡದಲ್ಲಿ ಎಲ್ಲರೂ ಒಂದೇ ಕೀಲಿಮಣೆ ವಿನ್ಯಾಸಕ್ಕೆ ಒಪ್ಪುವುದು ಇಲ್ಲಿನ ಪರಿಹಾರ. ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಬಳಸಿರೆಂಬ ಸಲಹೆಯನ್ನು ನಾನು ಕೊಡುವುದಿಲ್ಲ. ಆ್ಯಪ್ ಮಾಡಬೇಕಾದ ಕೆಲಸವನ್ನು ಬಳಕೆದಾರರ ತಲೆಗೆ ಕಟ್ಟುವ ಸಲಹೆ ಅದು.

ಕಡತದ ಒಳಗಿನ ಪಠ್ಯವನ್ನು ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ ಆ್ಯಪಿನ ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಅದು ಜೋಡಣೆಯ ದೋಷವಲ್ಲ, ಪಠ್ಯವನ್ನು ಪರಿವರ್ತಿಸುವ ಬೇರೆಯೇ ಕೆಲಸ.

ಪಟ್ಟಿ ಬರುತ್ತದೆ, ಕಡತ ಬರುವುದಿಲ್ಲ

ಡ್ರಾಪ್‌ಬಾಕ್ಸ್ ಎಪಿಐ ಕಡತಗಳ ಪಟ್ಟಿಯನ್ನು ಕೊಡುವುದು ‘ಎಪಿಐ’ ಎಂದು ಆರಂಭವಾಗುವ ವಿಳಾಸದಿಂದ. ಕಡತವನ್ನೇ ಇಳಿಸುವುದು, ಏರಿಸುವುದು ‘ಕಂಟೆಂಟ್’ ಎಂದು ಆರಂಭವಾಗುವ ಬೇರೊಂದು ವಿಳಾಸದಿಂದ. ಶಾಲೆ, ಕಾಲೇಜು, ಬ್ಯಾಂಕಿನಂತಹ ಕಡೆ ಫೈರ್‌ವಾಲ್ ಮೊದಲನೆಯದನ್ನು ಮಾತ್ರ ಬಿಟ್ಟು ಎರಡನೆಯದನ್ನು ತಡೆದಿದ್ದರೆ ಪಟ್ಟಿ ಚೆನ್ನಾಗಿ ಬರುತ್ತದೆ, ಕಡತ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಅದೇ ಕೆಲಸ ಮಾಡಿ ನೋಡಿ. ಆಗ ನಡೆದರೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಎರಡೂ ವಿಳಾಸಗಳನ್ನು ಬರೆದುಕೊಡಿ.

ಸಣ್ಣ ಕಡತ ಏರಿ ದೊಡ್ಡದು ಏರದಿದ್ದರೆ ಗಾತ್ರದ ಮಿತಿಯನ್ನು ನೋಡಬೇಕು. ಡ್ರಾಪ್‌ಬಾಕ್ಸ್‌ನಲ್ಲಿ ಒಂದೇ ವಿನಂತಿಯಲ್ಲಿ ಏರಿಸಬಹುದಾದದ್ದು 150 ಎಂಬಿಯವರೆಗೆ ಮಾತ್ರ. ಅದಕ್ಕಿಂತ ದೊಡ್ಡದನ್ನು ಆ್ಯಪ್ ತುಂಡುಮಾಡಿ ಏರಿಸಬೇಕು. ಸಿಡಿ ಗುಣಮಟ್ಟದ ಸ್ಟೀರಿಯೊ ಡಬ್ಲ್ಯುಎವಿ ಕಡತ ಗಂಟೆಗೆ ಸುಮಾರು 635 ಎಂಬಿ ಆಗುವುದರಿಂದ, ತುಂಡುಮಾಡಲು ಬಾರದ ಆ್ಯಪಿನಲ್ಲಿ 14 ನಿಮಿಷದ ಧ್ವನಿಮುದ್ರಣ ಏರುತ್ತದೆ, ಇಡೀ ರಾತ್ರಿಯ ತಾಳಮದ್ದಳೆ ಏರುವುದಿಲ್ಲ. ಗೂಗಲ್‌ನಲ್ಲಿ ಡಾಕ್ಸ್, ಶೀಟ್ಸ್‌ಗಳಂತಹ ಅದರದೇ ಬಗೆಯ ಕಡತಗಳನ್ನು ಇದ್ದಂತೆ ಇಳಿಸಲಾಗದು. ಪಿಡಿಎಫ್ ಅಥವಾ ವರ್ಡ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಬೇಕು, ಅದಕ್ಕೆ 10 ಎಂಬಿಯ ಮಿತಿ ಇದೆ.

429 ಎಂಬ ಸಂಖ್ಯೆ ಬಂದರೆ ವಿನಂತಿಗಳು ಅತಿಯಾಗಿವೆ ಅಥವಾ ಒಂದೇ ತಂಡದ ಫೋಲ್ಡರಿಗೆ ಏಕಕಾಲಕ್ಕೆ ಹಲವರು ಬರೆಯುತ್ತಿದ್ದಾರೆ. ಉತ್ತರದಲ್ಲಿ ಎಷ್ಟು ಸೆಕೆಂಡು ಕಾಯಬೇಕೆಂದು ಸೂಚಿಸಿದ್ದರೆ ಅಷ್ಟು ಕಾದು, ಒಟ್ಟಿಗೆ ಏರಿಸುವ ಕಡತಗಳ ಸಂಖ್ಯೆಯನ್ನು ಇಳಿಸಿ.

ಇಷ್ಟರಲ್ಲಿ ದೋಷ ಸಿಗದಿದ್ದರೆ

ಆಗ ಆ್ಯಪ್ ತಯಾರಕರಿಗೆ ಬರೆಯಬೇಕು. ದೋಷ ಸಂಖ್ಯೆ ಮತ್ತು ಸಂದೇಶದ ಪೂರ್ಣ ಪಾಠ, ಯುಟಿಸಿಯಲ್ಲಿ ಸಮಯ, ಜೋಡಿಸಿದ ಖಾತೆಯ ಬಗೆ, ತಂಡದ ಮೂಲವೋ ಸದಸ್ಯರ ಮೂಲವೋ ಎಂಬ ಪರೀಕ್ಷೆಯ ಫಲಿತಾಂಶ, ಹಾಟ್‌ಸ್ಪಾಟಿನಲ್ಲಿ ಏನಾಯಿತು ಎಂಬ ವಿವರ ಇವಿಷ್ಟು ಪತ್ರದಲ್ಲಿರಲಿ. ಡ್ರಾಪ್‌ಬಾಕ್ಸ್ ತನ್ನ ಪ್ರತಿ ಉತ್ತರದ ಹೆಡರಿನಲ್ಲಿ ಒಂದು ವಿನಂತಿ ಸಂಖ್ಯೆಯನ್ನು ಕೊಡುತ್ತದೆ. ಲಾಗಿನಲ್ಲಿ ಅದು ಸಿಕ್ಕಿದರೆ ಅದನ್ನೂ ಸೇರಿಸಿ, ಏಕೆಂದರೆ ಆ ಸಂಖ್ಯೆಯಿಂದ ನಿಮ್ಮ ವಿನಂತಿಯನ್ನೇ ಡ್ರಾಪ್‌ಬಾಕ್ಸ್‌ನವರು ಹುಡುಕಿ ತೆಗೆಯಬಲ್ಲರು. ಲಾಗನ್ನು ಕಳುಹಿಸುವ ಮುನ್ನ ‘ಆಥರೈಸೇಶನ್’ ಎಂಬ ಹೆಡರಿನ ಸಾಲನ್ನು ತಪ್ಪದೆ ಅಳಿಸಬೇಕು. ಟೋಕನ್ ಇರುವುದು ಅಲ್ಲಿಯೇ. ಅಳಿಸದೆ ಕಳುಹಿಸಿಯಾಗಿದ್ದರೆ ಖಾತೆಯ ಜೋಡಿತ ಆ್ಯಪ್‌ಗಳ ಪುಟಕ್ಕೆ ಹೋಗಿ ಆ ಜೋಡಣೆಯನ್ನು ಕೂಡಲೇ ರದ್ದುಮಾಡಿ, ಹೊಸದಾಗಿ ಒಪ್ಪಿಗೆ ನೀಡಿ.